ಬೆಳ್ಳಗಿರುವುದೆಲ್ಲ ಮಂಜಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಚಿಕ್ಕಮಗಳೂರಿನಲ್ಲಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಸಭೆಯಲ್ಲಿ ನಿವೃತ್ತ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ನಮ್ಮೂರಿನ ಗಾಳಿ'. ವಿಷಯ ಹೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಗಾಳಿಯ ತೊಂದರೆ ಅಂದರೆ ದೆಹಲಿಯದ್ದು, ಬೆಂಗಳೂರಿನದ್ದು, ಚಿಕ್ಕಮಗಳೂರಿಗೆ ಏನು ಬಂದಿದೆ ಅಂತ ನಿಮ್ಮ ಮನಸ್ಸಿನಲ್ಲಿದೆ. ತಪ್ಪೇನಿಲ್ಲ. ಬೆಂಗಳೂರಿನ ನೆಂಟರು ಬಂದಾಗ ಅಂಗಳದಲ್ಲಿ ನಿಂತು ಮೂಗಿನ ತುಂಬಾ ಉಸಿರು ಎಳೆದುಕೊಂಡು, 'ನಿಮಗೇನ್ರೀ, ಗಾಳಿ ಕುಡಿದೇ ಬದುಕಬಹುದು' ಅಂತಾರೆ. ನಾವೂ ಹೆಮ್ಮೆಯಿಂದ ನಗ್ತೇವೆ. ನಾನೂ ಮೂವತ್ತು ವರ್ಷ ಹಾಗೇ ನಕ್ಕವಳು.

ಅವರು ಹೇಳೋದು ಸುಳ್ಳಲ್ಲ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿತು. ಗಾಳಿ ಕೆಟ್ಟಿರುವ ಊರುಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ನಮ್ಮ ಊರು ಅದರಲ್ಲಿಲ್ಲ. ಸಂತೋಷದ ವಿಷಯವೇ. ಆದರೆ ದೀಪದ ಬುಡದಲ್ಲೇ ಕತ್ತಲೆ ಅನ್ನುವ ಹಾಗೆ, ಒಳ್ಳೆಯ ಗಾಳಿ ಅಂತ ಹೆಸರು ಬಂದ ಊರಿನಲ್ಲಿ ಗಾಳಿಯ ಕಡೆ ಯಾರೂ ನೋಡುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ನಮ್ಮೂರಿಗೆ ವರ್ಷಪೂರ್ತಿ ಒಂದೇ ಗಾಳಿ ಇಲ್ಲ. ಕಾಲಕ್ಕೊಂದು ಗಾಳಿ, ಹೊತ್ತಿಗೊಂದು ಗಾಳಿ. ಅದರಲ್ಲಿ ಕೆಟ್ಟ ಗಾಳಿ ಬರುವ ತಿಂಗಳುಗಳೂ ಹೊತ್ತುಗಳೂ ನಮಗೆ ಗೊತ್ತು. ಅದನ್ನು ಹೆಚ್ಚು ಕುಡಿಯುವವರು ಯಾರು ಅನ್ನುವುದೂ ಗೊತ್ತು. ಅವರು ಇಲ್ಲೇ, ಈ ಸಭೆಯಲ್ಲೇ ಕುಳಿತಿದ್ದಾರೆ.

ಕಾಲಕ್ಕೊಂದು ಗಾಳಿ

ಮೊದಲು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುತ್ತದೆ. ಸಮುದ್ರದ ಮೇಲಿಂದ ಬರುವ ಈ ಗಾಳಿಯಲ್ಲಿ ಹೊಗೆ ಕಡಿಮೆ. ಇದ್ದಬದ್ದ ಧೂಳನ್ನು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ತೊಳೆದು ಹಾಕುತ್ತವೆ. ಹೊರಗಿನ ಗಾಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಮನೆಯೊಳಗೆ? ಕಿಟಕಿ ಬಾಗಿಲು ಮುಚ್ಚಿರುತ್ತೇವೆ. ಸೌದೆ ಒದ್ದೆ, ಊದಿ ಊದಿ ಕಣ್ಣಲ್ಲಿ ನೀರು. ಒಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರಂ ಒಣಗಿಸುತ್ತೇವೆ. ಗೋಡೆಗೆ ಬೂಷ್ಟು. ಹೊರಗೆ ಚೊಕ್ಕ ಗಾಳಿ, ಒಳಗೆ ಹೊಗೆ ಮತ್ತು ಬೂಷ್ಟು. ಉಬ್ಬಸ ಇರುವ ಮಕ್ಕಳಿಗೆ ಈ ಎರಡೂ ಆಗಿಬರುವುದಿಲ್ಲ.

ಎರಡನೆಯದು ಮಾಗಿ ಕಾಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ಶುಭ್ರ, ರಾತ್ರಿ ಚಳಿ. ಈಗ ಗಾಳಿ ಬೀಸುವುದು ಮೂಡಣದ ಕಡೆಯಿಂದ, ಬಯಲುಸೀಮೆಯ ಒಣ ನೆಲದ ಮೇಲಿಂದ. ಅದು ಧೂಳನ್ನೂ ತರುತ್ತದೆ. ಆಗಲೇ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕಣದಲ್ಲಿ ಕಾಫಿ ಒಣಗುತ್ತದೆ, ಲಾರಿ ಪಿಕಪ್‌ಗಳು ಮಣ್ಣು ರಸ್ತೆಯಲ್ಲಿ ಓಡಾಡುತ್ತವೆ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟಿನ ಧೂಳು ಏಳುತ್ತದೆ. ಬೆಳಿಗ್ಗೆ ಐದೂವರೆಗೆ ಪ್ರತಿ ಮನೆಯಲ್ಲೂ ಬಚ್ಚಲ ಒಲೆಗೆ ಬೆಂಕಿ. ಸಂಜೆ ಆಯಿತೆಂದರೆ ರಸ್ತೆಬದಿಯಲ್ಲಿ ಚಳಿ ಕಾಯಿಸುವ ಬೆಂಕಿ. ನಮ್ಮೂರಿನ ಬೆಳಗಿನ ಗಾಳಿ ಕೆಡುವುದು ಈ ತಿಂಗಳುಗಳಲ್ಲೇ.

ಮೂರನೆಯದು ಬೇಸಿಗೆ. ಫೆಬ್ರವರಿ ಕೊನೆಯಿಂದ ಹೂಮಳೆ ಚೆನ್ನಾಗಿ ಬೀಳುವವರೆಗೆ. ಗಿರಿಯ ಹುಲ್ಲು ಒಣಗಿ ಚಿನ್ನದ ಬಣ್ಣಕ್ಕೆ ಬಂದಿರುತ್ತದೆ. ಒಂದು ಬೀಡಿ ತುಂಡು, ಒಬ್ಬರು ಬೇಕೆಂದೇ ಗೀರಿದ ಬೆಂಕಿಕಡ್ಡಿ ಸಾಕು. ರಾತ್ರಿ ಗುಡ್ಡದ ಮೇಲೆ ಕೆಂಪು ಗೆರೆ ಹರಿದಾಡುವುದನ್ನು ನೀವೆಲ್ಲ ನೋಡಿದ್ದೀರಿ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಯನ್ನು ಟಿವಿಯಲ್ಲಿ ನೋಡಿ ಮರುಗಿದೆವು. ನಮ್ಮ ಗುಡ್ಡದ ಬೆಂಕಿಗೆ ಅಷ್ಟು ಸುದ್ದಿ ಇಲ್ಲ, ಹೊಗೆ ಮಾತ್ರ ಅಂಥದ್ದೇ. ಆ ಹೊತ್ತಿಗೇ ತೋಟದಲ್ಲೂ ಊರಿನಲ್ಲೂ ದರಗು ಗುಡಿಸಿ ಸುಡುವ ಕೆಲಸ.

ಕೊನೆಯದಾಗಿ ಹೂಮಳೆ. ಒಂದೆರಡು ಮಳೆ ಬಿದ್ದು ಕಾಫಿ ಹೂ ಬಿಟ್ಟ ಬೆಳಿಗ್ಗೆ ಗಾಳಿಯ ಪರಿಮಳ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮೂರ ಗಾಳಿ ಅಂದರೆ ನಮಗೆಲ್ಲ ನೆನಪಾಗುವುದು ಆ ದಿನ. ಜನವರಿಯ ಬೆಳಗಿನ ಆರು ಗಂಟೆ ಯಾರಿಗೂ ನೆನಪಾಗುವುದಿಲ್ಲ.

ಪಾತ್ರೆಯ ಮೇಲೆ ಮುಚ್ಚಳ

ಅದೇ ಒಲೆ, ಅದೇ ಹೊಗೆ. ಏಪ್ರಿಲ್ ಮಧ್ಯಾಹ್ನ ಕಾಣದ ಹೊಗೆ ಜನವರಿಯ ಬೆಳಿಗ್ಗೆ ಯಾಕೆ ಹೆಂಚಿನ ಮಟ್ಟದಲ್ಲೇ ಮಲಗಿರುತ್ತದೆ? ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಹಗಲು ಬಿಸಿಲಿಗೆ ನೆಲ ಕಾಯುತ್ತದೆ. ನೆಲದ ಹತ್ತಿರದ ಗಾಳಿಯೂ ಬಿಸಿಯಾಗಿ ಮೇಲೇಳುತ್ತದೆ. ಏಳುವಾಗ ನಮ್ಮ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮಾಗಿಯ ರಾತ್ರಿಯಲ್ಲಿ ಇದು ತಿರುವುಮುರುವಾಗುತ್ತದೆ. ಮೋಡವಿಲ್ಲದ ಆಕಾಶದ ಕೆಳಗೆ ನೆಲ ಬೇಗ ತಣ್ಣಗಾಗುತ್ತದೆ. ಗುಡ್ಡದ ಮೇಲಿನ ತಣ್ಣನೆ ಗಾಳಿ ಭಾರ. ಅದು ನೀರು ಹರಿದ ಹಾಗೆ ಇಳಿಜಾರಿನಲ್ಲಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ. ಈ ಬೆಚ್ಚಗಿನ ಪದರವೇ ಮುಚ್ಚಳ. ಕೆಳಗಿನ ತಣ್ಣನೆ ಗಾಳಿ ಮೇಲೇಳಲಾರದು, ಅದರ ಜೊತೆಗಿರುವ ಹೊಗೆಯೂ ಮೇಲೇಳಲಾರದು. ಸೂರ್ಯ ಬಂದು ನೆಲವನ್ನು ಮತ್ತೆ ಕಾಯಿಸಬೇಕು. ಒಂಬತ್ತು, ಹತ್ತು ಗಂಟೆಗೆ ಮುಚ್ಚಳ ತೆರೆಯುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದ್ದರೂ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲಿಗೆ ಅದು ತಪ್ಪಲು. ತೋಟದ ಲೈನ್ ಮನೆಗಳಂತೂ ಎಷ್ಟೋ ಕಡೆ ಇನ್ನೂ ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲೇ ಇವೆ.

ಈಗ ಲೆಕ್ಕ ಹಾಕಿ. ಮುಚ್ಚಳ ಮುಚ್ಚಿರುವ ಹೊತ್ತು ಸಂಜೆ ಆರೇಳರಿಂದ ಬೆಳಿಗ್ಗೆ ಒಂಬತ್ತು. ನಾವು ಬೆಂಕಿ ಮಾಡುವ ಹೊತ್ತೂ ಅದೇ. ಮಕ್ಕಳು ಶಾಲೆಗೆ ನಡೆದು ಹೋಗುವ ಹೊತ್ತೂ, ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ಪೌರಕಾರ್ಮಿಕರು ಬೀದಿಯಲ್ಲಿರುವ ಹೊತ್ತೂ ಅದೇ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಇದೆಯಲ್ಲ, ಹಾಗೆ ಬೆಳಿಗ್ಗೆ ಬೆಳ್ಳಗೆ ಕಾಣುವುದೆಲ್ಲ ಮಂಜಲ್ಲ. ಮಂಜು ಬರೀ ನೀರಿನ ಹನಿ, ಅದರಿಂದ ಕೆಡುಕಿಲ್ಲ. ಆದರೆ ಮಂಜಿನೊಳಗೆ ಹೊಗೆ ಸೇರಿಕೊಂಡರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂಗಿಗೆ ತಿಳಿಯುತ್ತದೆ. ಬಾಗಿಲು ತೆರೆದ ಕೂಡಲೇ ಸುಟ್ಟ ವಾಸನೆ ಬಂತೋ, ಕಣ್ಣು ಚುರುಗುಟ್ಟಿತೋ, ಅದು ಮಂಜಲ್ಲ.

ಅಳತೆ ಏನು ಹೇಳುತ್ತದೆ

ಹೊಗೆಯಲ್ಲಿ ಕಣ್ಣಿಗೆ ಕಾಣದ ಬಹಳ ಸಣ್ಣ ಕಣಗಳಿರುತ್ತವೆ. ಅವುಗಳಿಗೆ ಪಿ.ಎಂ. 2.5 ಅಂತ ಹೆಸರು. ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು. ದೊಡ್ಡ ಧೂಳನ್ನು ಮೂಗು ತಡೆಯುತ್ತದೆ, ಸೀನಿದರೆ ಹೊರಗೆ ಬರುತ್ತದೆ. ಇವು ಹಾಗಲ್ಲ. ಶ್ವಾಸಕೋಶದ ತುದಿಯವರೆಗೆ ಹೋಗುತ್ತವೆ, ಕೆಲವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಹೊಗೆಯಿಂದ ಕೆಮ್ಮು, ದಮ್ಮು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯು, ಬಸುರಿಯರಿಗೆ ಕಡಿಮೆ ತೂಕದ ಮಗು, ಅಡುಗೆ ಮಾಡುವ ಹೆಂಗಸರಿಗೆ ಕಣ್ಣಿನ ಪೊರೆ ಬರುವ ಸಾಧ್ಯತೆಯೂ ಹೆಚ್ಚುತ್ತದೆ.

ಒಂದು ಘನಮೀಟರ್ ಗಾಳಿಯಲ್ಲಿ ಈ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು ಅಂತ ನಮ್ಮ ದೇಶದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಮ್ಮ ಊರಿನ ಕಲ್ಯಾಣನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಇದೆ. ಮಡಿಕೇರಿಯಲ್ಲಿ ಸ್ಟುವರ್ಟ್ ಹಿಲ್ ಮೇಲೆ ಇದೆ. ಅವುಗಳ ಸಂಖ್ಯೆಯನ್ನು ಕೇಂದ್ರ ಮಂಡಳಿಯ 'ಸಮೀರ್' ಅನ್ನುವ ಮೊಬೈಲ್ ಆಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಮಕ್ಕಳ ಹತ್ತಿರ ಫೋನ್ ಇದ್ದರೆ ಹಾಕಿಸಿಕೊಳ್ಳಿ. 0ಯಿಂದ 50ರವರೆಗೆ 'ಉತ್ತಮ', ಹಸಿರು ಬಣ್ಣ. 51ರಿಂದ 100 'ತೃಪ್ತಿಕರ'. 101ರಿಂದ 200 'ಸಾಧಾರಣ'. ಅದರ ಮೇಲೆ ಕೆಟ್ಟದ್ದು.

ಈ ಸಂಖ್ಯೆ ನೋಡುವಾಗ ಎರಡು ಮಾತು ನೆನಪಿಡಿ. ಒಂದು, ಅದು ಇಪ್ಪತ್ನಾಲ್ಕು ಗಂಟೆಯ ಸರಾಸರಿ. ಮಧ್ಯಾಹ್ನದ ಒಳ್ಳೆಯ ಗಾಳಿ ಬೆಳಗಿನ ಕೆಟ್ಟ ಗಾಳಿಯನ್ನು ಮರೆ ಮಾಡುತ್ತದೆ. ಮನೆಯ ಯಜಮಾನ ಮೂರು ಹೊತ್ತು ಉಂಡು, ಸೊಸೆ ಉಪವಾಸ ಇದ್ದರೆ, ಸರಾಸರಿಯಲ್ಲಿ ಇಬ್ಬರೂ ಒಂದೂವರೆ ಊಟ ಮಾಡಿದ ಲೆಕ್ಕ ಬರುತ್ತದೆ. ಸೊಸೆಯ ಹೊಟ್ಟೆ ತುಂಬಿತೇ? ಇನ್ನೊಂದು, ಪಿ.ಎಂ. 2.5 ಮೂವತ್ತರವರೆಗೆ ಇದ್ದರೂ ನಮ್ಮಲ್ಲಿ ಹಸಿರು ಬಣ್ಣವೇ. ಆ ಮೂವತ್ತು ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿಯ ಎರಡು ಪಟ್ಟು. ಇನ್ನು ಅಳತೆಯ ಯಂತ್ರ ಇರುವುದು ಒಂದು ಬಡಾವಣೆಯಲ್ಲಿ. ನಿಮ್ಮ ಲೈನ್ ಮನೆಯ ಅಡುಗೆ ಕೋಣೆಯಲ್ಲಿ ಯಾರೂ ಯಂತ್ರ ಇಟ್ಟಿಲ್ಲ. ಅಲ್ಲಿ ಇರುವ ಯಂತ್ರ ಎಂದರೆ ನಿಮ್ಮ ಎದೆ ಒಂದೇ.

ನನ್ನ ಅಮ್ಮನ ಮಾತು

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು. ಹೇಳಲು ಸ್ವಲ್ಪ ಕಷ್ಟವೇ.

ನನ್ನ ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಿದ್ದವರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದರೆ ಏಳಕ್ಕೆ ಕೆಲಸಕ್ಕೆ. ಸಂಜೆ ಬಂದು ಮತ್ತೆ ಒಲೆ. ಐದು ಮಕ್ಕಳನ್ನು ಆ ಒಲೆಯ ಮುಂದೆಯೇ ಬೆಳೆಸಿದರು. ನಾನು ಓದಿ ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದೆ. ಹಳ್ಳಿ ಹಳ್ಳಿ ತಿರುಗಿ ಚುಚ್ಚುಮದ್ದು ಹಾಕಿದೆ, ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟೆ, ಶೌಚಾಲಯದ ಬಗ್ಗೆ ಭಾಷಣ ಮಾಡಿದೆ. ಮನೆಗೆ ಬಂದರೆ ಅಮ್ಮನಿಗೆ ಕೆಮ್ಮು. ಪ್ರತಿ ಚಳಿಗಾಲ ಕೆಮ್ಮು. 'ಶೀತ ಆಗಿದೆ, ಅಮ್ಮ' ಅಂತ ಸಿರಪ್ ತಂದು ಕೊಡ್ತಿದ್ದೆ. ಹತ್ತು ವರ್ಷ ಸಿರಪ್ ಕೊಟ್ಟೆ.

ಒಂದು ಜನವರಿಯಲ್ಲಿ ಬಚ್ಚಲಿಂದ ಪಡಸಾಲೆಗೆ ನಡೆಯುವಷ್ಟರಲ್ಲಿ ಉಸಿರು ಸಿಗದೆ ಗೋಡೆ ಹಿಡಿದು ಕುಳಿತರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಊದಿಸಿ ಪರೀಕ್ಷೆ ಮಾಡಿ, ಎಕ್ಸ್‌ರೇ ನೋಡಿ, ಡಾಕ್ಟರು ಕೇಳಿದರು: 'ಅಜ್ಜಿ, ಬೀಡಿ ಎಷ್ಟು ವರ್ಷದಿಂದ ಸೇದ್ತೀರಿ?' ಅಮ್ಮ ಆ ದಮ್ಮಿನಲ್ಲೂ ನಕ್ಕರು. 'ನಾನ್ಯಾಕೆ ಸೇದಲಿ ಡಾಕ್ಟ್ರೇ, ಒಲೆನೇ ಸೇದಿಸ್ತದಲ್ಲ' ಅಂದರು.

ಡಾಕ್ಟರು ನಗಲಿಲ್ಲ. ನನ್ನ ಕಡೆ ನೋಡಿದರು. ಅವರು ಬೈಯಲಿಲ್ಲ, ಆದರೆ ಆ ನೋಟ ನನಗೆ ಅರ್ಥವಾಯಿತು. ಸಾವಿರ ಮನೆಗಳ ಆರೋಗ್ಯ ನೋಡಿದವಳು ನಾನು. ನನ್ನ ಮನೆಯ ಅಡುಗೆ ಕೋಣೆಯ ಮಸಿ ಹಿಡಿದ ಜಂತಿಯನ್ನು ದಿನಾ ನೋಡಿಯೂ, ಇದೇ ಮಸಿ ಅಮ್ಮನ ಎದೆಯಲ್ಲೂ ಇರಬಹುದು ಅಂತ ಒಂದು ದಿನವೂ ಯೋಚಿಸಲಿಲ್ಲ. ಅಮ್ಮ ಮತ್ತೆ ನಾಲ್ಕು ವರ್ಷ ಇನ್ಹೇಲರ್ ಹಿಡಿದು ಬದುಕಿದರು. ಒಂದು ಫೆಬ್ರವರಿಯಲ್ಲಿ ತೀರಿಕೊಂಡರು.

ಇದು ನನ್ನ ಅಮ್ಮನೊಬ್ಬರ ಕಥೆಯಲ್ಲ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಇವರಲ್ಲಿ ಯಾರೂ ಬೀಡಿ ಸೇದುವ ಮಕ್ಕಳಲ್ಲ.

ದರಗಿನ ರಾಶಿ

ಅಮ್ಮನ ವಿಷಯದಲ್ಲಿ ಬುದ್ಧಿ ಕಲಿತೆ ಅಂದುಕೊಂಡಿದ್ದೆ. ಕಲಿತಿರಲಿಲ್ಲ. ನಿವೃತ್ತಿಯಾದ ಮೇಲೆ ಊರಿನಲ್ಲಿ ಒಂದು ಬಾಡಿಗೆ ಮನೆ ಮಾಡಿದೆ. ಹಿತ್ತಲಲ್ಲಿ ಒಂದು ಹಲಸಿನ ಮರ, ಎರಡು ಬೆಣ್ಣೆಹಣ್ಣಿನ ಮರ. ಜನವರಿ ಬಂತೆಂದರೆ ರಾಶಿ ದರಗು. ನಾನು ಚೊಕ್ಕಟದ ಹೆಂಗಸು, ಬೆಳಿಗ್ಗೆ ಆರಕ್ಕೇ ಗುಡಿಸಿ ಮೂಲೆಗೆ ಹಾಕಿ ಬೆಂಕಿ ಕೊಡ್ತಿದ್ದೆ. ಇಬ್ಬನಿಗೆ ನೆನೆದ ಎಲೆ, ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡ್ತದೆ. ಬೆಂಕಿ ಹತ್ತಲಿ ಅಂತ ಹಾಲಿನ ಪ್ಲಾಸ್ಟಿಕ್ ಕವರ್ ಬೇರೆ ಹಾಕ್ತಿದ್ದೆ.

ಪಕ್ಕದ ಮನೆಯವರು ನಾನು ಹಿತ್ತಲಿಗೆ ಬಂದರೆ ಸಾಕು, ಕಿಟಕಿ ಮುಚ್ಚುತ್ತಿದ್ದರು. ಏನೋ ಜಂಬ ಅಂದುಕೊಂಡೆ. ಒಂದು ರಾತ್ರಿ ಹನ್ನೊಂದಕ್ಕೆ ಆ ತಾಯಿ ಬಾಗಿಲು ಬಡಿದರು. 'ಆಂಟಿ, ನೀವು ನರ್ಸ್ ಅಲ್ವಾ, ಸ್ವಲ್ಪ ನೋಡ್ತೀರಾ' ಅಂತ. ಆರು ವರ್ಷದ ಹುಡುಗ. ಎದೆ ಸುಯ್ ಸುಯ್ ಅಂತಿದೆ, ಪಕ್ಕೆ ಒಳಗೆ ಸೆಳೀತಿದೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ನೆಬ್ಯುಲೈಸರ್ ಇಟ್ಟ ಮೇಲೆ ಉಸಿರು ಸಮ ಆಯಿತು. ಬೆಂಚಿನ ಮೇಲೆ ಕುಳಿತಾಗ ಆ ತಾಯಿ ಹೇಳಿದರು: 'ಮಳೆ ಬಂದ್ರೆ ಚೆನ್ನಾಗಿರ್ತಾನೆ ಆಂಟಿ. ಡಿಸೆಂಬರ್ ಬಂದ್ರೆ ಶುರು.' ನನ್ನ ಹೆಸರು ಹೇಳಲಿಲ್ಲ, ಹಿತ್ತಲಿನ ಮಾತೇ ಎತ್ತಲಿಲ್ಲ. ಹಿರಿಯಳು ಅನ್ನುವ ಮರ್ಯಾದೆಗೆ ಎರಡು ಚಳಿಗಾಲ ಬಾಯಿ ಮುಚ್ಚಿಕೊಂಡು ಕಿಟಕಿ ಮುಚ್ಚಿಕೊಂಡಿದ್ದರು.

ಮರುದಿನದಿಂದ ನನ್ನ ಹಿತ್ತಲಲ್ಲಿ ಬೆಂಕಿ ಇಲ್ಲ. ಹುಡುಗನಿಗೆ ಆಮೇಲೆ ಉಬ್ಬಸವೇ ಬರಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಬೀದಿಯಲ್ಲಿ ಬೆಂಕಿ ಹಾಕುವವಳು ನಾನೊಬ್ಬಳೇ ಆಗಿರಲಿಲ್ಲ. ಆದರೆ ಅವರ ಕಿಟಕಿ ಈಗ ತೆರೆದಿರುತ್ತದೆ.

ಈಗ ನಿಮ್ಮನ್ನು ಕೇಳುತ್ತೇನೆ. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕಿ ಬೆಂಕಿ ಹೊತ್ತಿಸುವವರು ಕೈ ಎತ್ತಿ. (ಸಭೆಯಲ್ಲಿ ನಗು) ಯಾರೂ ಇಲ್ವಾ? ಸರಿ, ನಾನು ಮೊದಲು ಎತ್ತಿದ್ದೇನೆ, ನೋಡಿ. ಈಗ? ಹಾಂ, ಬಂತು. ನಾಚಿಕೆ ಪಡಬೇಡಿ, ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇವತ್ತು ಹೇಳ್ತಿದ್ದೇನೆ: ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಆ ನೀರಲ್ಲಿ ಮಗುವಿಗೆ ಸ್ನಾನ ಮಾಡಿಸುವ ಮೊದಲೇ ಆ ಹೊಗೆಯನ್ನು ಮಗುವಿಗೆ ಕುಡಿಸಿರುತ್ತೇವೆ.

ನಮ್ಮ ಕೈಯಲ್ಲಿ ಏನಿದೆ

ಗಿರಿಗೆ ಬರುವ ವಾಹನಗಳ ಹೊಗೆಯನ್ನು ನೀವು ನಾನು ನಿಲ್ಲಿಸಲಾರೆವು. ವಾಹನಗಳ ಸಂಖ್ಯೆಗೆ ಮಿತಿ ಹಾಕಲು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಲ್ಲಿ ಮುಂಗಡ ನೋಂದಣಿಯ ಪದ್ಧತಿ ತಂದಿತು. ಅದು ಸರ್ಕಾರದ ಕೆಲಸ. ಆದರೆ ಬೆಂಕಿ ಇಲ್ಲದೆ ಹೊಗೆ ಇಲ್ಲ. ಬೆಳಗಿನ ಆರು ಗಂಟೆಯ ಹೊಗೆಯ ಬೆಂಕಿಯಲ್ಲಿ ಬಹುಪಾಲು ನಮ್ಮ ಕೈಯ ಬೆಂಕಿಕಡ್ಡಿಯಿಂದ ಹೊತ್ತಿದ್ದು. ಆದ್ದರಿಂದ ಸಂಘದವರು ಮಾಡಬಹುದಾದ ಐದು ಕೆಲಸ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದು, ದರಗು ಸುಡಬೇಡಿ. ಮೂರು ಅಡಿ ಆಳದ ಗುಂಡಿ ತೋಡಿ, ದರಗು ಒಂದು ಪದರ, ಸಗಣಿ ನೀರು ಒಂದು ಪದರ ಹಾಕಿ. ಮಳೆಗಾಲ ಕಳೆಯುವ ಹೊತ್ತಿಗೆ ಗೊಬ್ಬರ. ಜಾಗವಿಲ್ಲದವರು ಗೋಣಿಚೀಲದಲ್ಲಿ ತುಂಬಿ ನೀರು ಚಿಮುಕಿಸಿ ಇಡಿ. ಕಾಳುಮೆಣಸಿನ ಬುಡಕ್ಕೆ ದರಗನ್ನು ಹಾಗೇ ಹೊದಿಸಿದರೂ ನೆಲದ ತೇವ ಉಳಿಯುತ್ತದೆ. ಕಾಸು ಕೊಟ್ಟು ಗೊಬ್ಬರ ತರುವ ನಾವು ಗೊಬ್ಬರವನ್ನೇ ಸುಡುತ್ತಿದ್ದೇವೆ.

ಎರಡನೆಯದು, ಕಸ ಸುಡುವುದು ಕಾನೂನಿಗೂ ವಿರುದ್ಧ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿ ರಾಶಿ ಸುಟ್ಟವರಿಗೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ನಿಮ್ಮ ಬೀದಿಯಲ್ಲಿ ದಿನಾ ಕಸಕ್ಕೆ ಬೆಂಕಿ ಬೀಳುತ್ತಿದ್ದರೆ ಜಗಳಕ್ಕೆ ಹೋಗಬೇಡಿ. ಸಂಘದ ಲೆಟರ್‌ಹೆಡ್‌ನಲ್ಲಿ ಹತ್ತು ಜನ ಸಹಿ ಹಾಕಿ ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬಳು ಹೇಳಿದರೆ ದೂರು, ಹತ್ತು ಜನ ಹೇಳಿದರೆ ಅರ್ಜಿ.

ಮೂರನೆಯದು ಒಲೆ. ನಿಮ್ಮಲ್ಲಿ ಹಿರಿಯರಿಗೆ ಅಸ್ತ್ರ ಒಲೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಅನ್ನುವ ವಿಭಾಗ ಹಳ್ಳಿಯ ಮನೆಗಳಿಗಾಗಿ ರೂಪಿಸಿದ ಒಲೆ ಅದು. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ಎಷ್ಟೋ ಮನೆಗಳಲ್ಲಿ ಕೊಳವೆ ಕಟ್ಟಿಕೊಂಡು ಹೊಗೆ ಮತ್ತೆ ಒಳಗೇ ಬರುತ್ತಿರುವುದನ್ನು ನಾನು ನೋಡಿದ್ದೇನೆ. ಕೊಳವೆ ಇರುವವರು ತಿಂಗಳಿಗೊಮ್ಮೆ ಮಸಿ ಕೊಡವಿ. ಸೌದೆಯನ್ನು ಬೇಸಿಗೆಯಲ್ಲೇ ಸೀಳಿ, ಮಳೆ ತಾಗದ ಕಡೆ ಒಟ್ಟಿ. ಒಣಗಿದ ಸೌದೆಯ ಹೊಗೆ ಬಹಳ ಕಡಿಮೆ.

ಆದರೆ ಒಂದು ನಿಜ ಒಪ್ಪಿಕೊಳ್ಳಬೇಕು. ಕೊಳವೆ ಹೊಗೆಯನ್ನು ಅಡುಗೆ ಮನೆಯಿಂದ ಬೀದಿಗೆ ಕಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಮುಚ್ಚಳ ಮುಚ್ಚಿರುವ ಬೆಳಿಗ್ಗೆ ಅದು ಬೀದಿಯಲ್ಲೇ ಇರುತ್ತದೆ. ಸಾಧ್ಯವಿರುವವರಿಗೆ ಗ್ಯಾಸೇ ಒಳ್ಳೆಯದು. 2016ರ ಮೇ ತಿಂಗಳಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಿಮ್ಮಲ್ಲಿ ಅನೇಕರ ಮನೆಗೆ ಸಿಲಿಂಡರ್ ಬಂದಿದೆ. ಬಂದ ಸಿಲಿಂಡರ್ ನೆಂಟರು ಬಂದಾಗ ಚಹಾ ಕಾಯಿಸಲಿಕ್ಕೆ ಮಾತ್ರ ಅಂತ ಮೂಲೆಯಲ್ಲಿ ಕುಳಿತಿದೆ. ಯಾಕೆ ಅಂತ ನನಗೆ ಗೊತ್ತು. ವಾರದ ಬಟವಾಡೆಯಲ್ಲಿ ಮರುಭರ್ತಿಗೆ ಒಮ್ಮೆಲೇ ಅಷ್ಟು ದುಡ್ಡು ತೆಗೆಯುವುದು ಕಷ್ಟ. ಸೌದೆ ತೋಟದಲ್ಲಿ ಬಿಟ್ಟಿ ಸಿಗುತ್ತದೆ. ಇಲ್ಲಿಯೇ ಸಂಘದ ಕೆಲಸ. ಮದುವೆಗೆ, ಶಾಲೆ ಫೀಸಿಗೆ ಆಂತರಿಕ ಸಾಲ ಕೊಡುವ ನಾವು ಸಿಲಿಂಡರ್‌ಗೆ ಯಾಕೆ ಕೊಡಬಾರದು? ವಾರ ವಾರ ಸಣ್ಣ ಕಂತು ಕಟ್ಟಲಿ. ಎಲ್ಲ ಅಡುಗೆಯೂ ಗ್ಯಾಸಿನಲ್ಲಿ ಆಗದಿದ್ದರೆ ಬೆಳಗಿನ ಅಡುಗೆಯಾದರೂ ಆಗಲಿ, ಅದೂ ಚಳಿಯ ನಾಲ್ಕು ತಿಂಗಳು. ಮನೆಯಲ್ಲಿ ಬಸುರಿ, ಬಾಣಂತಿ, ಉಬ್ಬಸದ ಮಗು ಇದ್ದರೆ ಆ ಮನೆಗೆ ಮೊದಲ ಸಾಲ.

ನಾಲ್ಕನೆಯದು, ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಕೆಂಡದಲ್ಲಿ ಹೊಗೆ ಕಾಣದಿದ್ದರೂ ವಾಸನೆ ಇಲ್ಲದ ವಿಷಾನಿಲ, ಕಾರ್ಬನ್ ಮೊನಾಕ್ಸೈಡ್, ಬರುತ್ತದೆ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ಮನೆಗಳು ಇದನ್ನು ಗಮನಿಸಬೇಕು. ಕೋಣೆ ಬೆಚ್ಚಗಿಡಲು ಕಂಬಳಿ ಇದೆ, ಬಿಸಿನೀರಿನ ಬಾಟಲಿ ಇದೆ.

ಐದನೆಯದು, ಗುರುತು ಹಿಡಿಯುವುದು. ಮಗು ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಡ ಮಾಡದೆ ತೋರಿಸಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೇ ಹೋಗಬೇಕು. ಉಬ್ಬಸದವರು ಇನ್ಹೇಲರ್ ಬಳಸಿದರೆ ಚಟ ಆಗ್ತದೆ ಅನ್ನುವ ಮಾತು ಸುಳ್ಳು. ಡಾಕ್ಟರು ಹೇಳಿದಷ್ಟು ದಿನ ಬಳಸಿ, ಚಳಿಗಾಲಕ್ಕೆ ಮೊದಲೇ ಒಮ್ಮೆ ತೋರಿಸಿಕೊಳ್ಳಿ. ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಕವಿದ ದಿನ ಮಕ್ಕಳನ್ನೂ ಮುದುಕರನ್ನೂ ಒಳಗಿರಿಸಿ. ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್ ಬೇಕು. ಸೀರೆಯ ಸೆರಗು, ಬಟ್ಟೆಯ ಮಾಸ್ಕ್ ಧೂಳಿಗೆ ಸ್ವಲ್ಪ ಆದೀತು, ಈ ಸಣ್ಣ ಕಣಗಳನ್ನು ಅಷ್ಟಾಗಿ ತಡೆಯವು. ಹಾಗೆಯೇ, ವಾಕಿಂಗ್ ಹೋಗುವ ಹಿರಿಯರು ಡಿಸೆಂಬರ್ ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಹೋಗಬೇಡಿ. ಬಿಸಿಲು ಬಂದು ಮುಚ್ಚಳ ತೆರೆದ ಮೇಲೆ ಹೋಗಿ.

ಇನ್ನೊಂದು ಮಾತು ತೋಟದ ಮಾಲೀಕರಿಗೆ. ನಿಮ್ಮಲ್ಲಿ ಕೆಲವರು ಈ ಪತ್ರಿಕೆಯನ್ನು ಓದುತ್ತೀರಿ. ಲೈನ್ ಮನೆಗೆ ಬಣ್ಣ ಹೊಡೆಸುವಾಗ ಅಡುಗೆ ಕೋಣೆಗೆ ಒಂದು ಕಿಟಕಿ, ಒಂದು ಹೊಗೆ ಕೊಳವೆ, ಸೌದೆ ಇಡಲು ಒಂದು ಶೀಟಿನ ಮಾಡು ಹಾಕಿಸಿಕೊಡಿ. ಒಂದು ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ನಾಲ್ಕು ಬಚ್ಚಲ ಒಲೆ ಆರುತ್ತದೆ. ಕುಯ್ಲಿನ ಕಾಲದಲ್ಲಿ ಕೆಲಸದವರಿಗೆ ಕೆಮ್ಮು ಬಂದರೆ ದಿನಗೂಲಿ ಅವರಿಗೂ ನಷ್ಟ, ಹಣ್ಣು ಉದುರಿ ನಿಮಗೂ ನಷ್ಟ.

ಅಕ್ಕತಂಗಿಯರೇ, ಹೊತ್ತಾಯಿತು, ಊಟದ ಸಮಯ. ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದಿಂದ ಎರಡು ಲೆಕ್ಕ ತನ್ನಿ. ನಿಮ್ಮ ಸಂಘದಲ್ಲಿ ದರಗಿನ ಗುಂಡಿ ತೋಡಿದ ಮನೆ ಎಷ್ಟು, ಸಿಲಿಂಡರ್‌ಗೆ ಸಾಲ ಕೊಟ್ಟದ್ದು ಎಷ್ಟು ಜನಕ್ಕೆ. ಸೊನ್ನೆ ಇದ್ದರೆ ಸೊನ್ನೆ ಅಂತಲೇ ಬರೆದು ತನ್ನಿ, ನಾನು ಬೈಯುವುದಿಲ್ಲ. ಹತ್ತು ವರ್ಷ ಸಿರಪ್ ಕೊಟ್ಟವಳು ಯಾರಿಗೆ ಬೈಯಲಿ?

ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಕ್ಷಣ ನಿಂತು ಮೂಗಿನಿಂದ ಉಸಿರು ಎಳೆದುಕೊಳ್ಳಿ. ಹೊರಗೆ ಬೆಳ್ಳಗಿರುವುದು ಮಂಜೋ ಹೊಗೆಯೋ, ನಿಮ್ಮ ಮೂಗೇ ಹೇಳುತ್ತದೆ. ಹೊಗೆ ಆದರೆ, ಯಾವ ಮನೆಯಿಂದ ಅಂತ ಹುಡುಕುವ ಮೊದಲು ನಮ್ಮ ಮನೆಯ ಹಿಂದೆ ಹೋಗಿ ನೋಡೋಣ.